ಸ್ಪಷ್ಟನೆ: ರೇಬೀಸ್ ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ

"ಮರಿಯಿದ್ದಾಗ ಒಂದು ಸಲ ರೇಬೀಸ್ ಇಂಜೆಕ್ಷನ್ ಹಾಕಿಸಿದರೆ ನಾಯಿಗೆ ಜೀವನಪೂರ್ತಿ ಸಾಕು, ಮನೆಯೊಳಗೇ ಇರುವ ಬೆಕ್ಕಿಗೆ ಬೇಕಿಲ್ಲ" ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ನಮ್ಮ ಬೀದಿಯ ಗ್ರೂಪಿಗೆ ಕಳಿಸಿದ್ದೆ. ಎರಡೂ ಮಾತು ತಪ್ಪು.

ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆ. ಆಮೇಲೆ ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕಿಸುತ್ತಾರೆ, ಯಾಕಂದ್ರೆ ಲಸಿಕೆಯ ಬಲ ದಿನ ಕಳೆದಂತೆ ಕುಗ್ಗುತ್ತದೆ. ನಿಮ್ಮ ನಾಯಿಯ ಲಸಿಕೆ ಪುಸ್ತಕ ತೆಗೆದು ನೋಡಿ. ಔಷಧಿ ಸೀಸೆಯ ಪುಟ್ಟ ಲೇಬಲ್ ಅಂಟಿಸಿದ ಸಾಲಿನಲ್ಲೇ ಡಾಕ್ಟರು ಮುಂದಿನ ತಾರೀಖು ಬರೆದಿರುತ್ತಾರೆ. ನನ್ನ ತಪ್ಪು ನನಗೆ ಗೊತ್ತಾದದ್ದೂ ಆ ಸಾಲು ನೋಡಿದಾಗಲೇ.

ಬೆಕ್ಕಿಗೂ ರೇಬೀಸ್ ಬರುತ್ತದೆ. ಬಾಗಿಲು ತೆರೆದಿದ್ದ ಒಂದು ಗಳಿಗೆಯಲ್ಲಿ ಹೊರಗೆ ಹೋಗಿ ಕಚ್ಚಿಸಿಕೊಂಡು ಬರಬಹುದು, ಅಲ್ವಾ? ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಇನ್ನೊಂದು ಮಾತು. ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದ್ದರೂ ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚಬೇಡಿ.

ಆ ಮೆಸೇಜು ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನು ಹಾಕಿ.