ಮಳೆ ಅಳೆಯುವ ನಾವು ಬರೆಯನ್ನು (ಬೆಟ್ಟದ ಕಡಿದಾದ ಇಳಿಜಾರನ್ನು) ಯಾಕೆ ಅಳೆಯುವುದಿಲ್ಲ?

ನಮ್ಮ ಮಾವನಿಗೆ ಈಗ 78. ಬೆಳಗ್ಗೆ ಕಾಫಿಗೆ ಮೊದಲು ಅಂಗಳದ ಮಳೆಮಾಪಕ ನೋಡಿ, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಪುಸ್ತಕದಲ್ಲಿ ಬರೆದಿಡುವುದು ಅವರ ಐವತ್ತು ವರ್ಷದ ಅಭ್ಯಾಸ. ಕೊಡಗಿನ ತೋಟದ ಮನೆಗಳಲ್ಲಿ ಇದೇನೂ ಹೊಸತಲ್ಲ. ಮಳೆಗಾಲದಲ್ಲಿ ಇಬ್ಬರು ಬೆಳೆಗಾರರು ಸಂತೆಯಲ್ಲಿ ಎದುರಾದರೆ ಮೊದಲ ಮಾತೇ "ನಿಮ್ಮಲ್ಲಿ ನಿನ್ನೆ ಎಷ್ಟಾಯ್ತು?" ಆ ಪುಸ್ತಕದಲ್ಲಿ 2018ರ ಆಗಸ್ಟ್ 16ರ ನಂತರ 19 ದಿನ ಖಾಲಿ ಇದೆ. ಕೊಡಗಿನಲ್ಲಿ ಬೆಟ್ಟಗಳು ಜರಿದ ದಿನಗಳವು, ನಮ್ಮ ಮಕ್ಕಂದೂರು ಕಡೆಯವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಇಂಥವರನ್ನು ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಊರು ಬಿಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಹ್ಯಾಂಬರ್ಗ್‌ನಲ್ಲಿರುವ ನಮ್ಮ ಮಗಳು ನಾರ್ವೆಗೆ ಹೋಗುವ ಹಡಗಿನಲ್ಲಿ ನಾಲ್ಕು ಜನಕ್ಕೂ ಜಾಗ ಹಿಡಿದು, "ತಾತ ಬರದಿದ್ದರೆ ನಾನೂ ಹೋಗುವುದಿಲ್ಲ" ಎಂದಳು. ತೋಟದ ಕೆಲಸದವರ ಲೈನ್ ಮನೆಯ ಹುಡುಗ ದಿನಾ ವಾಟ್ಸಾಪ್‌ನಲ್ಲಿ ಮಳೆ ಲೆಕ್ಕ ಕಳಿಸಬೇಕು ಎಂಬ ಒಪ್ಪಂದದ ಮೇಲೆ ಮಾವ ಹೊರಟರು.

ಹಡಗಿನ ಬಗ್ಗೆ ಬರೆಯುವುದಿಲ್ಲ. ಬರೆಯಬೇಕೆನಿಸಿದ್ದು ಗೈರಾಂಗರ್ ಎಂಬ ಊರಲ್ಲಿ ಇಳಿದ ಒಂದು ದಿನದ ಬಗ್ಗೆ.

ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು ಫಿಯೋರ್ಡ್. ಗೈರಾಂಗರ್ ಫಿಯೋರ್ಡ್ 15 ಕಿಲೋಮೀಟರ್ ಉದ್ದ. 2005ರಿಂದ ವಿಶ್ವ ಪರಂಪರೆ ತಾಣ. ಬೆಳಗಿನ ಜಾವ ನಾವು ಸ್ವೆಟರ್ ಹಾಕಿಕೊಂಡು ಡೆಕ್ ಮೇಲೆ ನಿಂತಿದ್ದೆವು. ಎರಡೂ ಕಡೆ ನೇರ ಎದ್ದ ಬಂಡೆ, ಅದರ ಮೈಮೇಲಿಂದ ಬಿಳಿ ದಾರದ ಹಾಗೆ ಇಳಿಯುವ ನೀರು. ಏಳು ಸೋದರಿಯರು ಎಂಬ ಜಲಪಾತದ ಪಕ್ಕದಲ್ಲೇ, ಆ ಎತ್ತರದ ಅಂಚಿನಲ್ಲಿ, ಒಂದೆರಡು ಮರದ ಮನೆಗಳು ಕಂಡವು. ಕ್ನಿವ್ಸ್‌ಫ್ಲೋ ಎಂಬ ಹಳೆಯ ಒಕ್ಕಲು. ಮಕ್ಕಳು ಕೆಳಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ಆಡಲು ಬಿಡುತ್ತಿದ್ದರಂತೆ ಅಂಥ ಜಾಗಗಳಲ್ಲಿ. ಮೇಲಿನ ಬಂಡೆ ಬೀಳುವ ಭಯಕ್ಕೆ 19ನೇ ಶತಮಾನದ ಕೊನೆಯಲ್ಲೇ ಅದನ್ನು ಬಿಟ್ಟು ಹೋದರು. ಮಾವ ಬಹಳ ಹೊತ್ತು ಆ ಮನೆಗಳನ್ನೇ ನೋಡಿದರು. "ಬೀಳುವ ಮೊದಲೇ ಬಿಟ್ಟರಲ್ಲ" ಎಂದರು, ಅಷ್ಟೇ.

ದಡಕ್ಕೆ ಸಣ್ಣ ದೋಣಿಯಲ್ಲಿ ಕರೆತಂದರು. ವರ್ಷವಿಡೀ ಅಲ್ಲಿ ಇರುವವರು ಇನ್ನೂರು ಚಿಲ್ಲರೆ ಜನ, ಬೇಸಿಗೆಯಲ್ಲಿ ಒಂದೇ ದಿನ ಬಂದಿಳಿಯುವವರು ಸಾವಿರಗಟ್ಟಲೆ. ಊರ ನಡುವೆ ಧುಮುಕುವ ಹೊಳೆಯ ಪಕ್ಕ 327 ಮೆಟ್ಟಿಲ ದಾರಿ ಇದೆ. ಮಗಳೂ ನನ್ನವರೂ ಹತ್ತಿದರು, ನಾನು ಮಾವನ ಜೊತೆ ಕೆಳಗೇ ಉಳಿದೆ. ಹೊಳೆ ಸದ್ದಿಗೆ ಎದುರು ನಿಂತವರ ಮಾತೂ ಕೇಳುವುದಿಲ್ಲ. ಕಣ್ಣು ಮುಚ್ಚಿದರೆ ಜುಲೈ ತಿಂಗಳ ನಮ್ಮ ಅಬ್ಬಿ ಜಲಪಾತ.

ಮಧ್ಯಾಹ್ನ ಬಸ್ಸಿನಲ್ಲಿ ಮೇಲಿನ ವ್ಯೂಪಾಯಿಂಟಿಗೆ ಹೋದಾಗ ಗೈಡ್ ಹೆಂಗಸು ಓಕ್ನೆಸೆಟ್ ಬೆಟ್ಟದ ಕಥೆ ಹೇಳಿದಳು. ನಮ್ಮ ಹಡಗು ಬೆಳಗ್ಗೆ ಅದರ ಬುಡದಲ್ಲೇ ಹಾದು ಬಂದಿತ್ತಂತೆ, ನಮಗೆ ಗೊತ್ತೇ ಇರಲಿಲ್ಲ. ಆ ಬೆಟ್ಟದಲ್ಲೊಂದು ಬಿರುಕಿದೆ. ಅದರ ಕೆಳಗಿನ ಬಂಡೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಜಾರುತ್ತಿದೆ. ಒಂದು ದಿನ ಅದು ಫಿಯೋರ್ಡಿಗೆ ಬಿದ್ದರೆ ಏಳುವ ಅಲೆ ಸುಮಾರು ಹತ್ತು ನಿಮಿಷದಲ್ಲಿ ಗೈರಾಂಗರ್ ಮುಟ್ಟುತ್ತದೆ. 1934ರ ಏಪ್ರಿಲ್ 7ರಂದು ಪಕ್ಕದ ತಾಫಿಯೋರ್ಡ್‌ನಲ್ಲಿ ಹೀಗೇ ಬೆಟ್ಟ ಕಳಚಿ, ಅಲೆ ಎದ್ದು 40 ಜನ ತೀರಿಕೊಂಡರು.

ಹಾಗಾಗಿ ಈ ಬೆಟ್ಟದ ಮೈತುಂಬ ಜಿಪಿಎಸ್, ರಾಡಾರ್, ಆಳದ ಕೊಳವೆಗಳಲ್ಲಿ ಇಳಿಬಿಟ್ಟ ಉಪಕರಣಗಳು. ಹಗಲೂ ರಾತ್ರಿ ಅಳೆಯುತ್ತವೆ. ಸರಿಯುವ ವೇಗ ಏರಿದರೆ ದಿನಗಳ ಮೊದಲೇ ಊರು ಖಾಲಿ ಮಾಡಿಸುವ ಯೋಜನೆ ಸಿದ್ಧ, ಸೈರನ್ ಇದೆ, ಯಾರು ಯಾವ ಕಡೆ ಹೋಗಬೇಕೆಂಬುದು ಗೊತ್ತಿದೆ. ಮಾವ ಒಂದೇ ಪ್ರಶ್ನೆ ಕೇಳಿದರು, ಮಗಳು ಅನುವಾದಿಸಿದಳು: "ಮೊದಲು ಆ ಬಿರುಕನ್ನು ನೋಡಿದ್ದು ಯಾರು?"

"ಊರವರೇ" ಎಂದಳು ಆಕೆ. "ಬಿರುಕು ಅಗಲವಾಗುತ್ತಿರುವುದನ್ನು ಕಂಡು ಅವರೇ ತಿಳಿಸಿದರು. ಆಮೇಲೆ ವಿಜ್ಞಾನಿಗಳು ಬಂದರು."

ಮಾವ ಆಮೇಲೆ ಮಾತಾಡಲಿಲ್ಲ. ನನಗೆ ಗೊತ್ತಿತ್ತು ಯಾಕೆಂದು. 2018ರಲ್ಲಿ ನಮ್ಮ ತೋಟದ ಮೇಲಿನ ಬರೆಯಲ್ಲೂ ಬಿರುಕು ಕಂಡಿತ್ತು, ಬರೆ ಜರಿಯುವ ನಾಲ್ಕು ದಿನ ಮೊದಲು. ಕೆಲಸದ ಹೆಂಗಸರು ಬಂದು ಹೇಳಿದ್ದರು. ತೋಡಿನ ನೀರು ಕೆಂಪಾಗಿತ್ತು. ಅದರ ಮೇಲ್ಗಡೆ ಯಾರೋ ರಸ್ತೆಗೆಂದು ಬರೆ ಕಡಿದಿದ್ದೂ ಎಲ್ಲರಿಗೂ ಗೊತ್ತಿತ್ತು. ಯಾರಿಗೆ ಹೇಳಬೇಕೆಂದು ಮಾತ್ರ ಗೊತ್ತಿರಲಿಲ್ಲ. ಎರಡು ಎಕರೆ ಕಾಫಿ ಒಂದು ಬೆಳಗಿನಲ್ಲಿ ಕೆಳಗಿಳಿಯಿತು. ನಮ್ಮ ಮನೆಯವರು ಉಳಿದೆವು. ಆ ವಾರ ಕೊಡಗಿನಲ್ಲಿ ಎಲ್ಲರೂ ಉಳಿಯಲಿಲ್ಲ.

ನಾರ್ವೆ ಶ್ರೀಮಂತ ದೇಶ, ನಮಗೂ ಅವರಿಗೂ ಎಲ್ಲಿಯ ಹೋಲಿಕೆ ಎನ್ನುವವರಿದ್ದೀರಿ. ಬೆಟ್ಟವೂ ಬೇರೆಯೇ, ಒಪ್ಪುತ್ತೇನೆ. ಅಲ್ಲಿಯದು ವರ್ಷಗಟ್ಟಲೆ ನಿಧಾನ ಸರಿಯುವ ಬಂಡೆ. ನಮ್ಮದು ಮಳೆನೀರು ಕುಡಿದು ಕುಡಿದು ಗಂಟೆಗಳಲ್ಲಿ ಜಾರುವ ಮಣ್ಣು. 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ಅತಿಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದನ್ನೇ ಕಾರಣವಾಗಿ ಹೇಳಿದರು. ಹಾಗಾದರೆ ನಾವು ಅಳೆಯಬೇಕಾದದ್ದು ಮಳೆ ಮತ್ತು ಮಣ್ಣೊಳಗಿನ ನೀರು. ಅದಕ್ಕೆ ನಾರ್ವೆಗೆ ಹೋಗಬೇಕಾಗಿಲ್ಲ. ಮುನ್ನಾರಿನಲ್ಲಿ ಮಣ್ಣೊಳಗಿನ ನೀರಿನ ಒತ್ತಡ ಅಳೆಯುವ ಸೆನ್ಸರ್ ಜಾಲ ಹಾಕಿ ಹದಿನೈದು ವರ್ಷ ದಾಟಿದೆ. ನಮ್ಮ ಗಡಿಯಾಚೆ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆಯವರು ಊರವರ ಮಳೆಮಾಪಕಗಳನ್ನೇ ಜೋಡಿಸಿ, ಯಾವ ಬೆಟ್ಟದ ಮೇಲೆ ಎಷ್ಟು ನೀರು ಬಿತ್ತೆಂದು ದಿನಾ ಲೆಕ್ಕ ಇಡುತ್ತಾರೆ. 2024ರ ಜುಲೈ 30ರ ಮುಂಡಕೈ ಭೂಕುಸಿತ ದುರಂತಕ್ಕೆ ಮೊದಲು ಎಚ್ಚರಿಕೆ ಕೊಟ್ಟವರಲ್ಲಿ ಅವರೂ ಇದ್ದರು.

ನನಗೆ ಸಂಕಟವಾಗುವುದು ಇಲ್ಲೇ. ಮಳೆಮಾಪಕ ಇಲ್ಲದ ತೋಟದ ಮನೆ ಕೊಡಗಿನಲ್ಲಿ ಎಷ್ಟಿದ್ದೀತು? ಅಜ್ಜಂದಿರ ಕಾಲದ ಲೆಕ್ಕ ನಮ್ಮ ಕಪಾಟುಗಳಲ್ಲಿದೆ. ಗಾಳಿಬೀಡಿನಲ್ಲಿ, ಮುಕ್ಕೋಡ್ಲುವಿನಲ್ಲಿ, ಭಾಗಮಂಡಲದಲ್ಲಿ ಇವತ್ತು ಎಷ್ಟು ಇಂಚು ಬಿತ್ತೆಂದು ಯಾರಿಗೋ ಖಂಡಿತ ಗೊತ್ತಿದೆ. ಅದೆಲ್ಲ ಒಂದು ಕಡೆ ಸೇರುವುದಿಲ್ಲ, ಕಾಫಿ ಹೂವಿನ, ಕಾಯಿ ಉದುರುವ ಲೆಕ್ಕಕ್ಕೆ ಮಾತ್ರ ಬಳಕೆಯಾಗುತ್ತದೆ. ಜಿಲ್ಲಾಡಳಿತ ಮಳೆಗಾಲದಲ್ಲಿ ಶಾಲೆಗೆ ರಜೆ ಕೊಡುತ್ತದೆ, ನೋಡಲ್ ಅಧಿಕಾರಿಗಳನ್ನು ನೇಮಿಸುತ್ತದೆ, ಅದು ಬೇಕು. ಆದರೆ ನನ್ನ ಮನೆ ಹಿಂದಿನ ಬರೆ ಇವತ್ತು ರಾತ್ರಿ ಹೇಗಿದೆ ಎಂದು ಹೇಳುವವರು ಬೇಕು. ಸೈರನ್ ಬೇಕು. ಕತ್ತಲಲ್ಲಿ ಯಾವ ದಾರಿಯಲ್ಲಿ ಓಡಬೇಕೆಂದು ಮಕ್ಕಳಿಗೂ ಗೊತ್ತಿರಬೇಕು.

ಸಂಜೆ ಹಡಗು ತಿರುಗಿ ಹೊರಟಾಗ ಮಾವ ಊಟಕ್ಕೆ ಬರಲಿಲ್ಲ, ಕಂಬಿ ಹಿಡಿದು ನಿಂತರು. ಆ ಊರಲ್ಲಿ ಜೂನ್‌ನಲ್ಲಿ ರಾತ್ರಿ ಹನ್ನೊಂದಾದರೂ ಕತ್ತಲಾಗುವುದಿಲ್ಲ. ಓಕ್ನೆಸೆಟ್ ಬಂದಾಗ ಮಗಳು ಕೈ ತೋರಿಸಿದಳು. ಹಸಿರು, ಬೂದು, ಉಳಿದ ಬೆಟ್ಟಗಳ ಹಾಗೇ. ಬಿರುಕು ನಮ್ಮ ಕಣ್ಣಿಗೆ ಬೀಳಲಿಲ್ಲ. ಆಗಲೇ ಮಾವನ ಫೋನಿಗೆ ಊರಿನ ಮಳೆ ಲೆಕ್ಕ ಬಂತು: 2 ಇಂಚು 40.

ಊರಿಗೆ ಬಂದ ಮರುದಿನವೇ ಅವರು ಮೇಲಿನ ಬರೆಯ ಹಳೆಯ ಬಿರುಕಿನ ಆಚೆ ಈಚೆ ಎರಡು ಕಬ್ಬಿಣದ ಗೂಟ ಹೊಡೆಸಿದರು. ಭಾನುವಾರಕ್ಕೊಮ್ಮೆ ಟೇಪ್ ಹಿಡಿದು ಅಳೆಯುತ್ತೇವೆ. ಮಳೆ ಜೋರಾಗಿದ್ದರೆ ಅಲ್ಲಿಗೆ ಹೋಗುವುದಿಲ್ಲ, ಮನೆ ಬಿಡುತ್ತೇವೆ ಎಂದು ಈಗಲೇ ತೀರ್ಮಾನಿಸಿದ್ದೇವೆ. ನಿಮ್ಮ ತೋಟದಲ್ಲೂ ಬಿರುಕಿದ್ದರೆ, ತೋಡಿನ ನೀರು ಬಣ್ಣ ಬದಲಿಸಿದ್ದರೆ, ದಯವಿಟ್ಟು ಪಂಚಾಯಿತಿಗೆ ಬರೆದು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ದಿನದ ಮಳೆ ಲೆಕ್ಕವನ್ನು ಊರಿನ ಹೆಸರಿನ ಜೊತೆ ಇಲ್ಲಿ ಕೆಳಗೆ ಹಾಕುತ್ತಾ ಬನ್ನಿ. ನಮ್ಮದು ನಾನು ಶುರು ಮಾಡುತ್ತೇನೆ. ಮಕ್ಕಂದೂರು, ಇವತ್ತು ಬೆಳಗ್ಗೆ 7 ಗಂಟೆಗೆ: 3 ಇಂಚು 15 ಸೆಂಟ್. ಗೂಟದಿಂದ ಗೂಟಕ್ಕೆ 112 ಸೆಂಟಿಮೀಟರ್, ಹೋದ ವಾರದಷ್ಟೇ.