ಕೇಳೋರು ಬೇಕು

ಜನವರಿ ಬಂದರೆ ಹೊಸ ವರ್ಷದ ಸಂಕಲ್ಪ ಬರೆಯಲು ಡೈರಿ ಮಾರಾಟ ಜೋರು. ಮಾರ್ಚ್ ಹೊತ್ತಿಗೆ ಅದೇ ಡೈರಿಯಲ್ಲಿ ಹಾಲಿನ ಲೆಕ್ಕ ಇರುತ್ತದೆ. ಮನಸ್ಸು ಗಟ್ಟಿ ಇಲ್ಲ ಅಂತ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಲೆಕ್ಕ ನಾವೇ ಬರೆದು, ನಾವೇ ನೋಡಿ, ನಾವೇ ಮಾಫಿ ಮಾಡಿಕೊಂಡರೆ ಯಾವ ರೂಢಿ ನಿಂತೀತು?

ನಮ್ಮ ವಿಜಯಪುರದ ಕಡೆ ಹಳ್ಳಿಗಳ ಮಹಿಳಾ ಸಂಘಗಳನ್ನು ನೋಡಿ. ಸರ್ಕಾರದ ಸಂಜೀವಿನಿ ಯೋಜನೆಯ ಈ ಸ್ವಸಹಾಯ ಸಂಘಗಳಿಗೆ ಪಂಚಸೂತ್ರ ಅಂತ ಇದೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸಂಘದೊಳಗೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಬಾಕಿ ಉಳಿಸದೆ ಪುಸ್ತಕ ಬರೆಯುವುದು. ನಮ್ಮವ್ವನ ಸಂಘದಲ್ಲಿ ಪುಸ್ತಕವನ್ನು ಎಲ್ಲರೆದುರು ಓದುತ್ತಾರೆ. ಗೈರಾದವರು ಮುಂದಿನ ವಾರ ಬಂದರೆ ಮೊದಲು ಕೇಳುವುದೇ, "ಯಾಕವಾ, ಹ್ವಾದ ವಾರ ಯಾಕ ಬರ್ಲಿಲ್ಲ?" ಉಳ್ಳಾಗಡ್ಡಿ ದರ ಬಿದ್ದು ಕಂತು ಕಟ್ಟಲು ಆಗದಿದ್ದರೆ ಮುಂದೂಡುತ್ತಾರೆ. ಅದನ್ನೂ ಬರೆದಿಡುತ್ತಾರೆ. ಕನಿಕರ ಇದೆ, ಮರೆವು ಇಲ್ಲ.

ಪರೀಕ್ಷೆಗೆ ಓದುವ ನಾವು ನಾಲ್ವರು ಗೆಳೆಯರು ಇದನ್ನೇ ಹಿಡಿದುಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ಗೋಳಗುಮ್ಮಟದ ಹತ್ತಿರ ವಾಕಿಂಗ್ ಮುಗಿಸಿ, ಚಹಾ ಕುಡಿಯುತ್ತ ಒಂದು ವಹಿ ತೆಗೆಯುತ್ತೇವೆ. ಒಬ್ಬನ ಲೆಕ್ಕ ಇನ್ನೊಬ್ಬ ಬರೆಯಬೇಕು. "ಇತಿಹಾಸ ಓದುತ್ತೇನೆ" ಅಂದರೆ ನಡೆಯುವುದಿಲ್ಲ. "ಆದಿಲ್‌ಶಾಹಿ ಪಾಠ, ಹಳೆ ಪ್ರಶ್ನೆ 50" ಅಂತ ಹೇಳಬೇಕು. ಆಗ ತಾನೇ ಮಾಡಿದ್ದೋ ಬಿಟ್ಟಿದ್ದೋ ಗೊತ್ತಾಗುವುದು?

ಮಾಡದವರಿಗೆ ದಂಡ ಹಾಕೋಣ ಅಂತ ಒಬ್ಬ ಹಠ ಹಿಡಿದಿದ್ದ. ನಾನು ಒಪ್ಪಲಿಲ್ಲ. ಇಸ್ರೇಲಿನ ಹೈಫಾದ ಕೆಲವು ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ದಂಡ ಹಾಕಿ ನೋಡಿದರು. ಗ್ನೀಜಿ, ರುಸ್ಟಿಕಿನಿ ಎಂಬ ಸಂಶೋಧಕರು 2000ದಲ್ಲಿ ಇದನ್ನು ಪ್ರಕಟಿಸಿದರು. ತಡ ಮಾಡೋರು ಕಡಿಮೆ ಆಗಲಿಲ್ಲ, ಜಾಸ್ತಿ ಆದರು! ದಂಡ ತೆಗೆದ ಮೇಲೂ ಮೊದಲಿನಂತೆ ಆಗಲಿಲ್ಲ. ದುಡ್ಡು ಕೊಟ್ಟ ಮೇಲೆ ಸಂಕೋಚ ಯಾಕೆ ಅಲ್ವಾ? ಸಂಘಗಳಲ್ಲೂ ಸಣ್ಣ ದಂಡ ಇರುತ್ತದೆ, ನಿಜ. ಆದರೆ ನಮ್ಮವ್ವನಿಗೆ ಹೆದರಿಕೆ ಇರುವುದು ಐದು ರೂಪಾಯಿ ದಂಡಕ್ಕಲ್ಲ, "ಯಾಕ ಬರ್ಲಿಲ್ಲ?" ಅನ್ನೋ ಆ ಪ್ರಶ್ನೆಗೆ.

ಸ್ಟೇಟಸ್ ಹಾಕಿ "ಇವತ್ತಿನಿಂದ ಬೆಳಿಗ್ಗೆ ಐದಕ್ಕೆ ಏಳುತ್ತೇನೆ" ಅನ್ನೋದು ಬೇರೆ ಮಾತು. ಅಲ್ಲಿ ಸುಮ್ನೆ ಲೈಕ್ ಬೀಳುತ್ತವೆ. ಮುಂದಿನ ವಾರ ಯಾರೂ ಕೇಳುವುದಿಲ್ಲ. ಮೊಬೈಲ್ ಆ್ಯಪ್ ಕೂಡ ಗಂಟೆ ಬಾರಿಸುತ್ತದೆ, ಬಾಯಿ ಮುಚ್ಚಿಸಲು ಒಂದು ಬೆರಳು ಸಾಕು.

ಈಗ ನಮ್ಮಲ್ಲೊಬ್ಬ ಕೋಚಿಂಗಿಗೆ ಧಾರವಾಡಕ್ಕೆ ಹೋಗಿದ್ದಾನೆ. ಭಾನುವಾರ ಫೋನಿನಲ್ಲೇ ಲೆಕ್ಕ ಒಪ್ಪಿಸುತ್ತಾನೆ. ಫೋನಿನಲ್ಲಿ "ಎಲ್ಲಾ ಮುಗೀತು" ಅನ್ನುವುದು ಬಹಳ ಸುಲಭ. ಅದಕ್ಕೇ ನೋಟ್ಸಿನ ಫೋಟೊ ಮೊದಲು, ಮಾತು ಆಮೇಲೆ ಅಂತ ಹೇಳಿದ್ದೇವೆ.