‘ನಿತಾಕುಕಾಲ್’ ಕೇಳಿ ನಗೋರಿಗೆ

ಕೀನ್ಯಾದ ರಾಜಧಾನಿ ನೈರೋಬಿಯ ಹುಡುಗರು ಸ್ವಾಹಿಲಿಗೆ ಇಂಗ್ಲಿಷ್ ಬೆರೆಸಿ ಹರಟೆ ಹೊಡೆಯೋ ವಿಡಿಯೋ ಒಂದು ಬೆಳಗ್ಗೆಯಿಂದ ವಾಟ್ಸಾಪಿನಲ್ಲಿ ಓಡಾಡ್ತಿದೆ. ಜೊತೆಗೆ ಯಾರೋ ಮಹಾಜಾಣರ ಷರಾ: "ಪಾಪ, ಅತ್ತ ಸ್ವಾಹಿಲಿಯೂ ಬರಲ್ಲ, ಇತ್ತ ಇಂಗ್ಲಿಷೂ ಬರಲ್ಲ." ಸ್ವಾಹಿಲಿ, ಜುಲು ಎಲ್ಲ ಸೇರಿದ ಆಫ್ರಿಕಾದ ಬಾಂಟು ಮನೆತನದ ಭಾಷೆಗಳ ಸುದ್ದಿಗೆ ಬಂದರೆ ನಾನು ಹೇಗೆ ಅಂತ ನಿಮಗೆಲ್ಲ ಗೊತ್ತೇ ಇದೆ. ತಡ್ಕೊಳ್ಳಕ್ಕಾಗಲಿಲ್ಲ.

ಆ ವಿಡಿಯೋದಲ್ಲಿ ಒಬ್ಬ ಹುಡುಗ ಅಂದಿದ್ದು "ನಿತಾಕುಕಾಲ್". ಬಿಡಿಸಿ ನೋಡಿ. ‘ನಿ’ ಅಂದ್ರೆ ನಾನು. ‘ತಾ’ ಭವಿಷ್ಯತ್ಕಾಲ. ‘ಕು’ ಅಂದ್ರೆ ನಿನಗೆ. ಕೊನೆಯ ‘ಕಾಲ್’ ಒಂದೇ ಇಂಗ್ಲಿಷು. ನಾವು "ನಿನಗೆ ಕಾಲ್ ಮಾಡ್ತೀನಿ" ಅಂತ ಇಂಗ್ಲಿಷ್ ಪದವನ್ನ ಪಕ್ಕದಲ್ಲಿ ಕೂರಿಸಿ, ದುಡಿಮೆಯನ್ನೆಲ್ಲ ‘ಮಾಡು’ವಿನ ತಲೆಗೆ ಕಟ್ತೀವಿ. ಅವರು ಕ್ರಿಯಾಪದದ ಹೊಟ್ಟೆಯೊಳಕ್ಕೇ ಇಳಿಸ್ತಾರೆ. ‘ತಾ’, ‘ಕು’ ಹಿಂದುಮುಂದು ಮಾಡಿ "ನಿಕುತಾಕಾಲ್" ಅಂದರೆ ಕೆಟ್ಟಿತು. ಸ್ವಾಹಿಲಿ ಬರದವನಿಗೆ ಈ ಜೋಡಣೆ ಬರುತ್ತಾ ಸ್ವಾಮಿ?

ಇನ್ನೊಂದು ತಗೊಳ್ಳಿ, "ಹುಜಾನಿಟೆಕ್ಸ್ಟ್". ನೀನಿನ್ನೂ ನನಗೆ ಮೆಸೇಜ್ ಮಾಡಿಲ್ಲ ಅಂತ. ‘ಹು’ ಒಂದರಲ್ಲೇ ‘ನೀನು’ ಮತ್ತು ‘ಇಲ್ಲ’ ಎರಡೂ ಇದೆ. ‘ಜಾ’ ಅಂದ್ರೆ ಇನ್ನೂ ಆಗಿಲ್ಲ. ಮೇಲೆ ‘ನಾನು’ ಆಗಿದ್ದ ‘ನಿ’, ಜಾಗ ಬದಲಾಯಿಸಿದ್ದಕ್ಕೆ ಇಲ್ಲಿ ‘ನನಗೆ’ ಆಗಿದೆ.

ಅರ್ಧಂಬರ್ಧ ಕಲಿತವರು ಎಡವೋ ಜಾಗವೂ ಇದೆ. ಸ್ವಾಹಿಲಿಯಲ್ಲಿ ತಿನ್ನು ಅನ್ನೋದಕ್ಕೆ ಧಾತು ಬರೀ ‘ಲಾ’. ಒಂದೇ ಅಕ್ಷರ ಆದ್ದರಿಂದ ಅದಕ್ಕೊಂದು ‘ಕು’ವಿನ ಊರುಗೋಲು ಬೇಕು: ‘ಅನಾಕುಲಾ’, ತಿನ್ನುತ್ತಿದ್ದಾನೆ. ‘ಕಾಲ್’ ಕೂಡ ಅಷ್ಟೇ ಪುಟ್ಟದಲ್ವಾ ಅಂತ ‘ಅನಾಕುಕಾಲ್’ ಅಂದಿರೋ, ‘ಅವನು ನಿನಗೆ ಕಾಲ್ ಮಾಡ್ತಿದ್ದಾನೆ’ ಅಂತಾಗುತ್ತೆ. ಇಂಗ್ಲಿಷ್ ಧಾತುವಿಗೆ ಊರುಗೋಲು ಬೇಡ, ‘ಅನಾಕಾಲ್’ ಸಾಕು. ಇಂಗ್ಲಿಷ್ ಕ್ರಿಯಾಪದಕ್ಕೆ ಕೊನೆಯ ‘ಆ’ಕಾರವನ್ನೂ ಸ್ವಾಹಿಲಿಯವರು ಸಾಮಾನ್ಯವಾಗಿ ಹಚ್ಚಲ್ಲ. ಅದೇ ದಕ್ಷಿಣ ಆಫ್ರಿಕಾದ ಜುಲು ಮಾತಿಗೆ ಬನ್ನಿ, "ನ್ಗಿಯಾಯಿಎಂಜಾಯಾ" (ನಾನದನ್ನ ಎಂಜಾಯ್ ಮಾಡ್ತೀನಿ) ಅಂತ ‘ಆ’ಕಾರದ ಬಾಲ ಸೇರಿಸಿಯೇ ಬಿಡ್ತಾರೆ. ಒಂದೇ ಮನೆತನದ ಎರಡು ಭಾಷೆ, ಎರಡು ಕಾನೂನು. ಕಾನೂನೇ ಇಲ್ಲ ಅಂತೀರಲ್ಲ!

ಭಾಷಾವಿಜ್ಞಾನಿ ಕ್ಯಾರಲ್ ಮಯರ್ಸ್-ಸ್ಕಾಟನ್ 1993ರಲ್ಲೇ ನೈರೋಬಿಯ ಮಾತುಕತೆ ಮುಂದಿಟ್ಟುಕೊಂಡು ಇದನ್ನ ಹೇಳಿಯಾಗಿದೆ: ಚೌಕಟ್ಟು ಒಂದು ಭಾಷೆಯದು, ಇನ್ನೊಂದು ಭಾಷೆ ಅದರೊಳಗೆ ಬಂದು ಕೂರುತ್ತೆ. ಮೂವತ್ತು ವರ್ಷ ದಾಟಿತು, ವಾಟ್ಸಾಪಿಗೆ ಇನ್ನೂ ತಲುಪಿಲ್ಲ.

ಹೀಗೆ ಬೆರೆಸಿದರೆ ಮಕ್ಕಳ ಪ್ರಬಂಧ ಹಾಳಾಗುತ್ತೆ ಅಂತ ಕೊರಗೋ ಮೇಷ್ಟ್ರುಗಳು ಕೀನ್ಯಾದಲ್ಲೂ ಇದ್ದಾರೆ. ಪರೀಕ್ಷೆಯಲ್ಲಿ ‘ನಿತಾಕುಕಾಲ್’ ಬರೆದರೆ ಅಂಕ ಹೋಗುತ್ತೆ, ಹೋಗಲಿ ಬಿಡಿ. ಶಾಲೆಯಲ್ಲಿ ತಾಯ್ನುಡಿ ಆಡಿದ ಮಗುವಿನ ಕೊರಳಿಗೆ ಬಿಲ್ಲೆ ಕಟ್ಟಿ ಅವಮಾನ ಮಾಡಿದ್ದೂ ಅದೇ ದೇಶದಲ್ಲೇ. ಭಾಷೆಗೆ ಪೆಟ್ಟು ಕೊಟ್ಟಿದ್ದು ಆ ಬಿಲ್ಲೆ, ಈ ಹುಡುಗನ ‘ಕಾಲ್’ ಅಲ್ಲ.

ನಿಜ ಹೇಳಲಾ? ಸಿಟ್ಟು ಒಂದು ನೆಪ. ನನಗೆ ಈ ಪದಗಳ ಹುಚ್ಚು. ಸ್ವಾಹಿಲಿಯಲ್ಲಿ ರಸ್ತೆಯ ವೃತ್ತಕ್ಕೆ, ಅಂದ್ರೆ ಸರ್ಕಲ್ಲಿಗೆ, ‘ಕಿಪಿಲೆಫ್ತಿ’ ಅಂತಾರೆ, ಇಂಗ್ಲಿಷಿನ ಕೀಪ್ ಲೆಫ್ಟ್ ಫಲಕದಿಂದ ಬಂದಿದ್ದು. ‘ಕಿ’ ಅವರಲ್ಲಿ ಏಕವಚನದ ಗುರುತು, ಅದರ ಬಹುವಚನ ‘ವಿ’, ಹಾಗಾಗಿ ಎರಡು ವೃತ್ತ ಆದರೆ ‘ವಿಪಿಲೆಫ್ತಿ’! ಮಡ್‌ಗಾರ್ಡ್ ಅಲ್ಲಿ ‘ಮಾದಿಗಾದಿ’ ಆಯ್ತು. ‘ಮಾ’ ಬಹುವಚನದ ಗುರುತಲ್ವಾ? ಅದನ್ನ ಕಿತ್ತು ಪಕ್ಕಕ್ಕಿಟ್ಟರು. ಈಗ ಒಂದೇ ಮಡ್‌ಗಾರ್ಡ್ ಇದ್ದರೆ ಬರೀ ‘ದಿಗಾದಿ’.